ಕಪ್ಪು ಕಾರು, ಉಪ್ಪು ನೀರು

ಕಾದ ತಗಡಿನ ಮೇಲೆ ತಣ್ಣೀರು ಬಿದ್ದರೆ ಒಂದು ವಾಸನೆ ಏಳುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಮಣ್ಣಿನದೂ ಅಲ್ಲ, ಸೋಪಿನದೂ ಅಲ್ಲ. ಎರಡರ ನಡುವಿನ, ಸ್ವಲ್ಪ ಮೂಗು ಚುಚ್ಚುವಂಥದ್ದು. ಇವತ್ತು ಏರುಬಿಸಿಲಿನಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಾಗ ಅದು ನಮ್ಮ ವರಾಂಡಕ್ಕೆ ಬಂತು. ಎದುರುಮನೆಗೆ ಹೊಸದಾಗಿ ಬಂದವರು ರಸ್ತೆಯಲ್ಲೇ ಕಾರು ನಿಲ್ಲಿಸಿ ಪೈಪು ಹಿಡಿದಿದ್ದರು. ಕಡುನೀಲಿ ಕಾರು, ಸೇಲಂ ಬಿಸಿಲು, ಬೋರಿನ ನೀರು. ಕಾಯಿ ನನ್ನ ಕೈಯಲ್ಲೇ ಉಳಿಯಿತು.

ಬೇರೆಯವರ ಕಾರಿನ ವಿಷಯದಲ್ಲಿ ಮೂಗು ತೂರಿಸಬಾರದೆಂದು ನನಗೂ ಗೊತ್ತು. ಆದರೆ ಏನು ಮಾಡಲಿ, ಯಾರಾದರೂ ಕಾರಿನಲ್ಲಿ ಬಂದಿಳಿದರೆ ನಾನು ಮೊದಲು ನೋಡುವುದು ಬಾನೆಟ್ಟನ್ನು, ಆಮೇಲೆ ಬಂದವರ ಮುಖವನ್ನು. ಒಮ್ಮೆ ಸೋದರಮಾವನನ್ನೇ ಬನ್ನಿ ಎನ್ನಲು ಮರೆತು ಅವರ ಕಾರಿನ ಬಾಗಿಲ ಮೇಲೆ ಉಗುರು ಗೀರಿ ಬಿಳಿ ಕಲೆ ಎಷ್ಟು ಗಟ್ಟಿಯಾಗಿದೆಯೆಂದು ಪರೀಕ್ಷೆ ಮಾಡಿದ್ದೇನೆ. ಈ ಹುಚ್ಚು ಹತ್ತಿದ್ದು ಹೇಗೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾನು ಕಾರು ಓಡಿಸಲು ಕಲಿತದ್ದು ಕಿವಿಯ ಹತ್ತಿರ ಕೂದಲು ನರೆಯಲು ಶುರುವಾದ ಮೇಲೆ. ಶಾಲೆಯಲ್ಲಿ ಭೂಗೋಳ ಹೇಳುವ ಕೆಲಸ. ಮಕ್ಕಳನ್ನು ಸಹ್ಯಾದ್ರಿಯಿಂದ ಸೈಬೀರಿಯಾದವರೆಗೆ ಕರೆದೊಯ್ಯುತ್ತಿದ್ದ ನಾನು ಸ್ವಂತಕ್ಕೆ ನಮ್ಮೂರಿನ ಅಂಜುರೋಡು ಸರ್ಕಲ್ ದಾಟಬೇಕಾದರೆ ಗಂಡನ ಸ್ಕೂಟರಿಗೆ ಕಾಯಬೇಕಿತ್ತು. ಒಂದು ದಿನ ಸಾಕೆನಿಸಿತು. ಕಲಿತೆ, ಲೈಸೆನ್ಸ್ ಪಡೆದೆ, ಒಬ್ಬ ಡಾಕ್ಟರು ಮಾರಾಟಕ್ಕಿಟ್ಟಿದ್ದ ಹಳೆಯ ಕಾರು ಕೊಂಡೆ. ಬಣ್ಣ ಕಪ್ಪು. "ಈ ಊರಿಗೆ ಬಿಳೀದೇ ಸರಿ" ಅಂದರು ನನ್ನವರು. ಅವರು ಹಾಗೆ ಹೇಳಿದ ಮೇಲೆ ಕಪ್ಪು ಇನ್ನೂ ಚೆನ್ನಾಗಿ ಕಂಡಿತು.

ನಮ್ಮ ಕಡೆಯವರಿಗೆ ನೀರು ಒಂದಲ್ಲ, ಎರಡು. ಕೊಳಾಯಿಯಲ್ಲಿ ಅದಕ್ಕೆ ಮನಸ್ಸು ಬಂದಾಗ ಬರುವ ಸೀನೀರು ಕುಡಿಯಲು, ಕಾಫಿಗೆ, ಬೇಳೆ ಬೇಯಿಸಲು. ಬೋರಿನ ಉಪ್ಪುನೀರು ಉಳಿದ ಸಮಸ್ತಕ್ಕೂ. ಉಪ್ಪುನೀರಿನಲ್ಲಿ ತೊಗರಿಬೇಳೆ ಮಧ್ಯಾಹ್ನದವರೆಗೆ ಕುದಿಸಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಸೀನೀರಿನ ಕೊಡಗಳ ಮೇಲೆ ನಮ್ಮ ಮನೆಯಲ್ಲಿ ಅತ್ತೆಯ ಸರ್ಕಾರ. ಅತ್ತೆ ಮಾರಂಡಹಳ್ಳಿ ಕಡೆಯ ಕುರಿ ಸಾಕುವ ಮನೆಯ ಮಗಳು, ಬಿಂದಿಗೆ ಹೊತ್ತು ಬೆಳೆದವರು. ಕೊಡಗಳನ್ನು ಅಡುಗೆಮನೆಯ ಮೂಲೆಯಲ್ಲಿ ಸಾಲಾಗಿಟ್ಟು, ತಟ್ಟೆ ಮುಚ್ಚಿ, ನಾವು ಲೋಟ ಅದ್ದುವ ಸದ್ದಿನಿಂದಲೇ ಯಾರು ಎಷ್ಟು ತೆಗೆದರೆಂದು ಹೇಳಬಲ್ಲರು.

ಇನ್ನೊಂದು ವಿಷಯ. ನಮ್ಮಲ್ಲಿ ತೊಳೆದದ್ದೆಲ್ಲ ಬಿಸಿಲಿಗೆ ಹೋಗಬೇಕು. ಪಾತ್ರೆ, ಕಂಬಳಿ, ಮೆಣಸಿನಕಾಯಿ, ಎರೆದುಕೊಂಡ ತಲೆ, ಎಲ್ಲವೂ. ಬಿಸಿಲು ಕಾಣದಿದ್ದರೆ ತೊಳೆದ ಸಮಾಧಾನವೇ ಇಲ್ಲ. ಹಾಗಾಗಿ ಮೊದಲ ಭಾನುವಾರ ನಾನು ಕಾರಿಗೆ ಧಾರಾಳವಾಗಿ ನೀರು ಹೊಡೆದು, ತೊಳೆದು, ನಡುಬಿಸಿಲಿಗೆ ತಂದು ನಿಲ್ಲಿಸಿ, ಚೆನ್ನಾಗಿ ಒಣಗಲಿ ಎಂದು ಒಳಗೆ ಹೋದೆ. ಕಾಫಿ ಕುಡಿದು ಬಂದು ನೋಡಿದರೆ ಇಡ್ಲಿ ಹಿಟ್ಟು ರುಬ್ಬಿದವರು ಕೈ ಒದರಿದ ಹಾಗೆ ಮೈತುಂಬ ಬಿಳಿ ಚುಕ್ಕಿ. ಮತ್ತೆ ತೊಳೆದೆ. ಮತ್ತೆ ಬಿಸಿಲಿಗಿಟ್ಟೆ. ಚುಕ್ಕಿಯ ಮೇಲೆ ಚುಕ್ಕಿ ಕೂತಿತು. ನಿಂಬೆಹಣ್ಣು ಉಜ್ಜಿದೆ, ತಲೆಗೆ ಹಾಕುವ ಶಾಂಪೂ ಹಚ್ಚಿದೆ. ಅಂಗಡಿಯವನು ಹೊಗಳಿದ ಮೆತ್ತನೆಯ ಬಟ್ಟೆ ತಂದೆ. ಉಪ್ಪುನೀರಿನಲ್ಲಿ ಒಗೆದ ಮೇಲೆ ಅದು ಹಪ್ಪಳವಾಯಿತು. ಬೀದಿಯವರು ನನ್ನ ಕಾರನ್ನು ದೂರದಿಂದಲೇ ಗುರುತಿಸುವಂತಾಯಿತು, ಅದೊಂದೇ ಲಾಭ.

ಇಂಥ ಸಮಯದಲ್ಲಿ ಧರ್ಮಪುರಿಯಿಂದ ನನ್ನ ಮೈದುನ ಗೋವಿಂದ ಮಗಳ ಮದುವೆಯ ಪತ್ರಿಕೆ ಹಿಡಿದು ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮೊಳೆಯಿಂದ ಹಿಡಿದು ಮನುಷ್ಯರವರೆಗೆ ಯಾವುದನ್ನು ಯಾವ ಗೂಡಿನಲ್ಲಿಡಬೇಕೆಂದು ಅವನಿಗೆ ಮೊದಲೇ ಗೊತ್ತಿರುತ್ತದೆ. ಕುಂಕುಮ ಕೊಟ್ಟು, ಪತ್ರಿಕೆ ಕೊಟ್ಟು, "ಅತ್ತಿಗೆ, ಉಗ್ರಾಣ ನಿಮ್ದೇ" ಅಂದ.

ಉಗ್ರಾಣವೆಂದರೆ ಮದುವೆ ಛತ್ರದ ಸಾಮಾನು ಕೋಣೆ. ಆ ಮನೆತನಕ್ಕೆ ಸೊಸೆಯಾಗಿ ಬಂದ ಲಾಗಾಯ್ತು ಎಲ್ಲ ಮದುವೆಗಳಲ್ಲೂ ಅದರ ಬೀಗದ ಕೈ ನನ್ನ ಸೊಂಟದಲ್ಲೇ. ಲೆಕ್ಕದ ಹೆಂಗಸು, ಟೀಚರು, ಒಂದು ಗೋಡಂಬಿಯೂ ಆಚೀಚೆ ಆಗುವುದಿಲ್ಲ ಎಂದು ಹೊಗಳಿ ಹೊಗಳಿ ಒಳಗೆ ಕೂರಿಸುತ್ತಿದ್ದರು. ಮದುವೆಯ ಹಿಂದಿನ ಸಂಜೆ ಮದುಮಗನನ್ನು ಗುಡಿಯಿಂದ ಛತ್ರಕ್ಕೆ ಕಾರಿನಲ್ಲಿ ಮೆರವಣಿಗೆ ತರುವ ಮಾಪಿಳ್ಳೆ ಅಳೈಪು ಇದೆಯಲ್ಲ, ಅದನ್ನು ನಮ್ಮ ಮನೆಯ ಒಂದು ಮದುವೆಯಲ್ಲೂ ನಾನು ನೋಡಿದವಳಲ್ಲ. ನಾದಸ್ವರ ಕಿಟಕಿಯಲ್ಲಿ ಬರುತ್ತಿತ್ತು, ನಾನು ಅಡುಗೆಯವರಿಗೆ ಸಕ್ಕರೆ ಅಳೆಯುತ್ತಿದ್ದೆ. ನನಗೆ ಅದು ಬಹಳ ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

"ಉಗ್ರಾಣ ಬ್ಯಾಡ ಗೋವಿಂದ" ಅಂದೆ. "ಮಾಪಿಳ್ಳೇನ ಕರ್ಕೊಂಡ್ಬರೋಕೆ ನನ್ ಕಾರ್ ಬರ್ತೈತೆ. ನಾನೇ ಓಡಿಸ್ತೀನಿ."

ಗೋವಿಂದ ಹೊರಗೆ ನಿಂತಿದ್ದ ಕಾರನ್ನು ನೋಡಿದ, ಅದರ ಚುಕ್ಕಿಗಳನ್ನು ನೋಡಿದ, ನನ್ನನ್ನು ನೋಡಿದ. "ಬೇಜಾರ್ ಮಾಡ್ಕಬ್ಯಾಡಿ ಅತ್ತಿಗೆ. ವಂಡಿ ಮೈಯೆಲ್ಲ ಪುಳ್ಳಿ ಪುಳ್ಳಿ ಐತೆ, ಸಿಡುಬಿನ ಅಮ್ಮ ಬಂದಂಗೆ. ಅದ್ರಾಗೆ ಮಾಪಿಳ್ಳೇನ ಕೂರ್ಸುದ್ರೆ ಬೀಗ್ರು ಏನಂತಾರೆ? ಫೋಟೋ, ವೀಡಿಯೋ ಬೇರೆ."

"ಒಂದ್ ಪುಳ್ಳಿನೂ ಇಲ್ದಂಗೆ ತಂದ್ರೆ?"

"ತನ್ನಿ, ಪಾಕ್ಕಲಾಂ" ಅಂದ. ನೋಡೋಣ ಎಂದು ಅರ್ಥ. ಆದರೆ ಅವನು ಹೇಳಿದ ರೀತಿಯಲ್ಲಿ ಬೇಡ ಎಂಬುದೇ ಹೆಚ್ಚಾಗಿತ್ತು.

ಅವನು ಹೋದ ಮೇಲೆ ನೇರ ಅತ್ತೆಯ ಮುಂದೆ ನಿಂತೆ. "ಅತ್ತೆ, ಕಡೇಲಿ ಮೇಲಿಂದ ಉಯ್ಯೋಕೆ ಒಂದೇ ಒಂದ್ ಕೊಡ ಸೀನೀರು ಕೊಡಿ."

"ಏನಂದೆ? ಬ್ಯಾಳೆ ಬೇಯೋ ನೀರ್ನ ವಂಡಿ ಮ್ಯಾಲೆ ಉಯ್ತೀಯಾ? ಒಂದ್ ಬಿಂದ್ಗೆ ಸೀನೀರ್ಗೆ ನಾನು ಕಾಡೆಲ್ಲ ನಡ್ದಿದೀನಿ ಕಣವ್ವ. ವಂಡಿಗೇನು ದಾವ ಆಗ್ತೈತಾ?"

ನನಗೂ ಸಿಟ್ಟು ಬಂತು. "ಮಾವನ ಪಂಚೆ ಮಾತ್ರ ಸೀನೀರಲ್ಲೇ ಒಗೀತಿದ್ರಲ್ಲ?" ಎಂದುಬಿಟ್ಟೆ.

ಈಗಿಲ್ಲದ ನಮ್ಮ ಮಾವ ಮೊರಪ್ಪೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದವರು. ಸಮವಸ್ತ್ರ ಬಿಚ್ಚಿದರೆ ಬಿಳಿ ಪಂಚೆ. ಉಪ್ಪುನೀರಿನಲ್ಲಿ ಒಗೆದ ಬಿಳಿ ಬಟ್ಟೆ ಹಳದಿಗೆ ತಿರುಗುತ್ತದೆಂದು ಅತ್ತೆ ಯಾರೂ ಏಳುವ ಮೊದಲು ಕೊಡ ಬಗ್ಗಿಸಿ ಅವರ ಪಂಚೆಗಳನ್ನು ಅಲುಬಿ ಹಾಕುತ್ತಿದ್ದರು. ಅವರ ಸರ್ಕಾರದಲ್ಲಿ ಅದೊಂದೇ ಕಳ್ಳ ವ್ಯವಹಾರ. ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಎದ್ದು ಒಳಗೆ ಹೋದರು.

ಮರುದಿನ ತರಗತಿಯಲ್ಲಿ ಉಪ್ಪಿನ ಗದ್ದೆಗಳ ಪಾಠ. ವರ್ಷಾವರ್ಷ ಬರೆಯುವ ಅದೇ ಚಿತ್ರ ಬರೆದೆ: ಮೇಲೆ ಸೂರ್ಯ, ಕೆಳಗೆ ಮಡಿಯಲ್ಲಿ ನಿಂತ ನೀರು, ನಡುವೆ ಮೇಲೇರುವ ಬಾಣದ ಗುರುತು. "ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ" ಅಂದೆ. ಅಂದವಳು ಸೀಮೆಸುಣ್ಣ ಹಿಡಿದು ಹಾಗೇ ನಿಂತೆ. ಪ್ರತಿ ಭಾನುವಾರ ಮನೆಯ ಮುಂದೆ ನಾನು ಮಾಡುತ್ತಿದ್ದುದು ಕಾರು ತೊಳೆಯುವುದಲ್ಲ, ಉಪ್ಪಿನ ಬೇಸಾಯ! ಬಿಸಿಲು ನೀರನ್ನು ಕುಡಿಯುವ ಮೊದಲೇ ನಾನು ಅದನ್ನು ಒರೆಸಿ ತೆಗೆದರೆ ಉಪ್ಪೂ ಅದರ ಜೊತೆಗೇ ಹೋಗಬೇಕಲ್ಲ. ನಗು ತಡೆಯಲಾಗಲಿಲ್ಲ. ಟೀಚರಿಗೆ ಏನೋ ಆಗಿದೆಯೆಂದು ಮಕ್ಕಳು ಮುಖ ಮುಖ ನೋಡಿಕೊಂಡರು.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಹಳೆಯ ಚುಕ್ಕಿಗಳನ್ನು ನೆರಳಿನಲ್ಲಿ ನಿಂಬೆರಸ ಹಚ್ಚಿ ಒಂದೊಂದಾಗಿ ಬಿಡಿಸಿದೆ. ಬಿಸಿಲೇರುವ ಮೊದಲು, ಗೋಡೆಯ ನೆರಳಿನಲ್ಲಿ, ತಗಡು ಮುಟ್ಟಿದರೆ ತಣ್ಣಗಿರುವಾಗ ಕೆಲಸ. ಮರದ ನೆರಳು ಬೇಡ, ಮರವಿದ್ದಲ್ಲಿ ಕಾಗೆ ಇರುತ್ತದೆ. ಮೇಲಿನಿಂದ ಶುರುಮಾಡಿ ಒಂದೊಂದೇ ಭಾಗಕ್ಕೆ ಸೋಪು ಹಚ್ಚುವುದು, ತೊಳೆದ ಭಾಗ ಒಣಗದಂತೆ ಮತ್ತೆ ಮತ್ತೆ ನೀರು ತೋರಿಸುವುದು. ಕೊನೆಗೆ ಪೈಪಿನ ಬಾಯಿ ಒತ್ತದೆ, ನೀರನ್ನು ಸುಮ್ಮನೆ ಹರಿಯಬಿಡುವುದು. ಚಿಮ್ಮಿಸಿದರೆ ಸಾವಿರ ಹನಿ ನಿಲ್ಲುತ್ತವೆ. ಹರಿಯಬಿಟ್ಟರೆ ನೀರು ಒಂದೇ ಹಾಳೆಯಾಗಿ ಜಾರಿ ಹೋಗುತ್ತದೆ. ಕೂಡಲೇ ಬಟ್ಟೆ ಹಾಸಿ ಎಳೆಯುವುದು, ಉಜ್ಜುವುದಲ್ಲ. ಬಾಗಿಲು ತೆರೆದು ಅಂಚು ಒರೆಸುವುದು. ಕನ್ನಡಿಯ ಸಂದಿನಲ್ಲಿ ಅಡಗಿದ ನೀರು ನಾವು ಬೆನ್ನು ತಿರುಗಿಸಿದ ಮೇಲೆ ಇಳಿಯುತ್ತದೆ. ಅದಕ್ಕೆ ಬೀದಿಯಲ್ಲಿ ಒಂದು ಸುತ್ತು ಓಡಿಸಿ ಬಂದು ಮತ್ತೆ ಒರೆಸುವುದು. ಎಲ್ಲ ಸರಿಹೋಯಿತು, ಬಟ್ಟೆ ಒಂದು ಬಿಟ್ಟು. ನನ್ನ ಹಪ್ಪಳದ ಬಟ್ಟೆ ನೀರನ್ನು ಕುಡಿಯದೆ ಆಚೆಯಿಂದೀಚೆಗೆ ತಳ್ಳುತ್ತಿತ್ತು.

ಒಂದು ಸಂಜೆ ಅತ್ತೆ ಹೊರಗೆ ಬಂದು ಮಡಿಸಿದ ಬಟ್ಟೆಯ ಗಂಟೊಂದನ್ನು ಬಾನೆಟ್ಟಿನ ಮೇಲಿಟ್ಟರು. ಮಾವನ ಪಂಚೆಗಳು. ತೊಳೆದು ತೊಳೆದು ಬೆಣ್ಣೆಯಂತಾಗಿದ್ದವು.

"ಸೀನೀರು ಕೇಳ್ದಲ್ಲ, ತಗ. ಇದ್ರಾಗೆ ಎಷ್ಟ್ ವರ್ಸದ್ದು ಐತೋ" ಅಂದರು.

"ಅತ್ತೆ, ಮಾವನ್ದು..."

"ಪೆಟ್ಟೀಲಿ ಮಡ್ಗಿ ಮಡ್ಗಿ ಇಲಿಗೆ ಕೊಡ್ಲಾ? ಅವ್ರಿಗೂ ಗಲೀಜು ಅಂದ್ರೆ ಆಗ್ತಿರ್ಲಿಲ್ಲ. ಒರ್ಸು."

ಅಂದು ಆಡಿದ ಮಾತಿಗೆ ನಾಲಿಗೆ ಕಚ್ಚಿಕೊಂಡೆ. ಕಣ್ಣು ತುಂಬಿತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಒಳಗೆ ಹೋಗಿ ಕೊಡಗಳ ಮೇಲಿನ ತಟ್ಟೆ ಸರಿಮಾಡಿದರು.

ಮದುವೆಗೆ ತೊಪ್ಪೂರು ಕಣಿವೆ ಹತ್ತಿ ಧರ್ಮಪುರಿ ಸೇರುವ ಹೊತ್ತಿಗೆ ಲಾರಿಗಳ ಧೂಳೆಲ್ಲ ನನ್ನ ಕಾರಿನ ಮೇಲಿತ್ತು. ಮರುದಿನ ಬೆಳಕು ಹರಿಯುವಾಗಲೇ ಗೋವಿಂದನ ಮನೆಯ ಕಾಂಪೌಂಡ್ ನೆರಳಿಗೆ ಕಾರು ತಂದೆ. ಅವನ ಬೋರಿನ ನೀರಿನ ಮುಂದೆ ನಮ್ಮದು ಎಳನೀರು. ನೆಂಟರೆಲ್ಲ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನೋಡಲು ನಿಂತರು. ಸೆರಗು ಸಿಕ್ಕಿಸಿದೆ, ಸೋಪು ಹಚ್ಚಿದೆ, ನೀರು ಹರಿಸಿದೆ, ಒಂದು ಪಂಚೆ ಹಾಸಿ ಎಳೆದೆ, ಅದು ಒದ್ದೆಯಾದಾಗ ಇನ್ನೊಂದು. ಬೀದಿ ಸುತ್ತಿ ಬಂದು ಕನ್ನಡಿ ಒರೆಸಿದೆ. ಅತ್ತೆ ಮೆಟ್ಟಿಲ ಮೇಲೆ ಕೂತು, ಹತ್ತಿರ ಬಂದವರನ್ನೆಲ್ಲ "ಮುಟ್ಬ್ಯಾಡ ಲೇ" ಎಂದು ಗದರುತ್ತಿದ್ದರು.

ಬಿಸಿಲು ಬಂತು. ಚುಕ್ಕಿ ಬರಲಿಲ್ಲ.

ಮಧ್ಯಾಹ್ನ ಹೂವಿನವನು ಬಂದ. ಬಾನೆಟ್ ಪೂರ್ತಿ ಮುಚ್ಚುವಷ್ಟು ದೊಡ್ಡ ಹೂವಿನ ಬಲೆ ತಂದಿದ್ದ. ಗೋವಿಂದ ಕಾರಿನ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡಿದ. ಮೊಬೈಲಿನ ಟಾರ್ಚ್ ಹಾಕಿ ಚಕ್ರದ ಮೇಲಿನ ಕಮಾನು ನೋಡಿದ. ಆಮೇಲೆ ಹೂವಿನವನಿಗೆ, "ಬ್ಯಾನೆಟ್ ಮ್ಯಾಲೆ ಒಂದು ಊವೂ ಬ್ಯಾಡಪ್ಪ. ಅಂಚಿಗೆ ಒಂದ್ ಮಾಲೆ ಓಡ್ಸು, ಪೋದುಂ, ಅಷ್ಟೇ ಸಾಕು" ಅಂದ.

ಹೂವಿನವನು ತಮಿಳಿನಲ್ಲಿ ಜಗಳಕ್ಕೇ ನಿಂತ. ವಂಡಿ ನೋಡೋಕೆ ಅಸಹ್ಯವಾಗಿದೆ, ಆದರೆ ಅತ್ತಿಗೆ ಬಿಡುವಂತಿಲ್ಲ, ಏನೂ ಕಾಣದಂತೆ ಮುಚ್ಚಬೇಕು ಎಂದು ಆರ್ಡರ್ ಕೊಟ್ಟವರು ನೀವೇ ಅಲ್ಲವೇ ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದ. ಗೋವಿಂದ ನನ್ನ ಕಡೆ ತಿರುಗಲೇ ಇಲ್ಲ. ಅವನ ಕಿವಿಯ ತುದಿ ಕೆಂಪಾಗಿತ್ತು. ನನಗೆ ಆದ ಖುಷಿಯನ್ನು ಮುಚ್ಚಿಡುವ ಪ್ರಯತ್ನವನ್ನು ನಾನೂ ಮಾಡಲಿಲ್ಲ.

ಸಂಜೆ ಮಾತ್ರ ಕಾರಿನ ಕೀಲಿಗೆಂದು ಕೈಚಾಚಿದ. "ಸಾವಿ ಕೊಡಿ ಅತ್ತಿಗೆ, ಡ್ರೈವರ್ ಬಂದವ್ನೆ." ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟ ಅತ್ತೆ ಮುಂದಿನ ಸೀಟಿನಲ್ಲಿ ಕೂತಾಗಿತ್ತು. "ಯಾವ ಡ್ರೈವರು? ನನ್ ಸೊಸೆ ಇಲ್ಲೇ ಅವ್ಳಲ್ಲ. ಓಡ್ಸವ್ವ" ಅಂದರು.

ಓಡಿಸಿದೆ. ಹಿಂದೆ ಮಾಪಿಳ್ಳೆ, ಪಕ್ಕದಲ್ಲಿ ಅತ್ತೆ, ಮುಂದೆ ನಾದಸ್ವರ. ಮೊದಲ ಗೇರಿನಲ್ಲೇ ಇಡೀ ಬೀದಿ. ಸೀರಿಯಲ್ ಲೈಟುಗಳೆಲ್ಲ ಕಪ್ಪು ಬಾನೆಟ್ಟಿನ ಮೇಲೆ ಇಳಿದು ಮೆಲ್ಲಗೆ ನನ್ನ ಕಡೆಗೆ ಬರುತ್ತಿದ್ದವು. ಗಂಡಿನ ಕಡೆಯ ಹಿರಿಯರೊಬ್ಬರು "ಯಾರ್ದು ವಂಡಿ? ಕಣ್ಣಾಡಿ ಮಾದಿರಿ ಐತಲ್ಲ!" ಅಂದರು. "ನಮ್ಮತ್ತಿಗೇದು" ಅಂದ ಗೋವಿಂದ, ಸ್ವಲ್ಪ ಜೋರಾಗಿಯೇ. ಅಷ್ಟು ವರ್ಷ ಕಿಟಕಿಯಲ್ಲಿ ಕೇಳಿದ್ದನ್ನೆಲ್ಲ ನಾನು ಅಂದು ಗಾಜಿನ ಮುಂದೆ ಕಣ್ಣಾರೆ ನೋಡಿದೆ.

ಈ ಕಥೆಯನ್ನು ಇವತ್ತೇ ನಿಮಗೆ ಹೇಳಲು ಇನ್ನೊಂದು ಕಾರಣವಿದೆ. ಈಗಷ್ಟೇ ಗೋವಿಂದನ ಫೋನು ಬಂದಿತ್ತು. "ಅತ್ತಿಗೆ, ಪೊಂಗಲ್ ಆದ್ಮ್ಯಾಲೆ, ತೈ ತಿಂಗ್ಳಾಗೆ ಚಿಕ್ಕೋಳ ಮದ್ವೆ. ಮಾಪಿಳ್ಳೆ ವಂಡಿ ನಿಮ್ದೇ, ಓಡ್ಸೋದೂ ನೀವೇ. ಅಮ್ಮನಿಗೆ ಮುಂದಿನ ಸೀಟು."

"ಆಗ್ಲಿ. ಉಗ್ರಾಣಕ್ಕೆ ಯಾರಪ್ಪ?"

"ನಾನೇ ಕುಂತ್ಕತೀನಿ ಅತ್ತಿಗೆ" ಅಂದ.

ಸಕ್ಕರೆ ಅಳೆಯುವ ಪಾವು ಉಗ್ರಾಣದ ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿರುತ್ತದೆ, ಎಲ್ಲೆಲ್ಲೋ ಹುಡುಕಬೇಡ ಎಂದು ಹೇಳಿ ಫೋನಿಟ್ಟೆ.