ತಲೆಗೊಂದು ಕಪ್ಪೆ ತರುವ ತಿರಕಪ್ಪ

ಬೆಟಗೇರಿಯ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ನೇಕಾರರ ಓಣಿಯ ಹಿಂದಿರುವ ಹಳೆಯ ಬಾವಿಯೊಳಗೆ ತಿರಕಪ್ಪ ಮೊಳಕಾಲುಮಟ ನೀರಿನಲ್ಲಿ ನಿಂತಿದ್ದಾನೆ. ಒಂದು ಕೈಯಲ್ಲಿ ಕಂದೀಲು, ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಬಲೆ, ಹೆಗಲಿಗೆ ಒದ್ದೆ ಗೋಣಿಚೀಲ. ನೀರಿಗೆ ಬಂದ ಹೆಂಗಸೊಬ್ಬಳು ಬಗ್ಗಿ ನೋಡಿ, "ಎಷ್ಟ ಸಿಕ್ಕಾವೋ ತಿರಕಣ್ಣಾ?" ಎನ್ನುತ್ತಾಳೆ. ಅವನು ಬಲೆಯನ್ನು ಮೆಲ್ಲಗೆ ನೀರಿಗಿಳಿಸುತ್ತಾನೆ. ಮಾತಾಡಿದರೆ ಕಪ್ಪೆ ಕಲ್ಲಿನ ಸಂದಿಗೆ ಸೇರಿಬಿಡುತ್ತದೆ.

ಗದಗಿನ ಕಾಲೇಜಿನ ಪ್ರಯೋಗಶಾಲೆಗೆ ಕಪ್ಪೆ ಒದಗಿಸುವವನು ಸೊರಟೂರಿನ ಈ ತಿರಕಪ್ಪ. ಮೂಲ ಕಸುಬು ಬಾವಿಯ ಹೂಳು ತೆಗೆಯುವುದು. ಸ್ವಾತಂತ್ರ್ಯ ಬಂದ ಮರುವರ್ಷ ಅವನ ಹೂಳಿನ ಬುಟ್ಟಿಯಲ್ಲಿ ಕಪ್ಪೆಗಳನ್ನು ಕಂಡ ಜೀವಶಾಸ್ತ್ರದ ಪ್ರಾಧ್ಯಾಪಕ ಮಾರ್ತಾಂಡರಾಯರು, "ಇವನ್ನ ಚೆಲ್ಲಬ್ಯಾಡೋ, ನಮಗ ಬೇಕಾಗ್ಯಾವ" ಎಂದರಂತೆ. "ರಾಯರಿಗೆ ತಲಿ ಕೆಟ್ಟೈತಿ ಅಂತ ತಿಳದಿದ್ದೆರಿ ನಾನು" ಎಂದು ತಿರಕಪ್ಪ ಈಗಲೂ ನಗುತ್ತಾನೆ.

ರಾಯರ ತಲೆ ನೆಟ್ಟಗೇ ಇತ್ತು. ಅವರಿಂದ ಕಪ್ಪೆ ಬೇಡಿಸಿದ್ದು ಪದವಿಯ ನಿಯಮ. ಕಲೆಯವನಾಗಲಿ ವಿಜ್ಞಾನದವನಾಗಲಿ, ಇಂಗ್ಲಿಷಿನಲ್ಲಿ ಪಾಸಾಗಬೇಕು, ಇನ್ನೊಂದು ಭಾಷೆ ಓದಬೇಕು, ಹಾಜರಿ ತುಂಬಬೇಕು, ಪದವಿಗೆ ಮೊದಲಿನ ಇಂಟರ್ ಪರೀಕ್ಷೆ ದಾಟಬೇಕು. ಇಷ್ಟು ಎಲ್ಲರಿಗೂ ಒಂದೇ. ಆದರೆ ಬಿ.ಎ.ಗೆ ಹೊರಟವನು ಇತಿಹಾಸ, ತರ್ಕಶಾಸ್ತ್ರಗಳನ್ನು ಬಾಯಿಪಾಠ ಹೊಡೆದು ಪಾರಾಗಬಹುದು; ಅಶೋಕನನ್ನು ಕೊಯ್ದು ತೋರಿಸು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಬಿ.ಎಸ್ಸಿ.ಯ ಕನಸು ಕಾಣುವವನ ಪಾಡು ಬೇರೆ. ಬರೆಯುವ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬರಲಿ, ಪ್ರಯೋಗದಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಅಲ್ಲಿ ಕೊಯ್ದು ತೋರಿಸಲು ತಲೆಗೊಂದು ಕಪ್ಪೆ, ಹಂಚಿಕೊಳ್ಳುವಂತಿಲ್ಲ. ಮೊದಲು ಮುಂಬಯಿ ವಿದ್ಯಾಪೀಠದ ನಿಯಮವಿತ್ತು, ಆಮೇಲೆ ಧಾರವಾಡದ್ದು ಬಂತು, ಹೋದ ವರ್ಷ ನಾಡೂ ಒಂದಾಯಿತು. ಕಪ್ಪೆಯ ಮಾತು ಮಾತ್ರ ಇದ್ದಲ್ಲೇ ಇದೆ.

ಮಳೆಗಾಲದಲ್ಲಿ ಕೆಲಸ ಹಗುರ. ಬೇಸಿಗೆಯಲ್ಲಿ ಪರೀಕ್ಷೆಯೂ ಬರುತ್ತದೆ, ಕಪ್ಪೆಯೂ ಪಾತಾಳ ಸೇರುತ್ತದೆ. ಆಗ ಹಗ್ಗ ಹಿಡಿದು ಆಳದ ಬಾವಿಗಳಿಗೆ ಇಳಿಯಬೇಕು. ಕಪ್ಪೆಯನ್ನು ಹುಡುಕಿಕೊಂಡು ಹಾವೂ ಅಲ್ಲಿಗೆ ಬಂದಿರುತ್ತದೆ. ಹೆಂಡತಿ ಹನಮಂತವ್ವನ ದೂರು ಹಾವಿನ ಬಗ್ಗೆ ಅಲ್ಲ. "ಕಪ್ಪಿ ಹಿಡಿಯಾಂವನ ಹೇಂತಿ ಅಂತಾರ ನನ್ನ. ಏನ ಮಾಡೂದ್ರಿ, ಅನ್ನೋರ ಬಾಯಿ ಹೊಲಿಯಾಕ ಬರತೈತೇನ?" ಎನ್ನುತ್ತಾಳೆ.

ಊರಿನ ಬಾಯಿಗೆ ಅವನು ನಿಜವಾಗಿ ಸಿಕ್ಕಿಬಿದ್ದದ್ದು ಹೋದ ವರ್ಷ ಅಕ್ಟೋಬರಿನಲ್ಲಿ. ನಾಡು ಒಂದಾಗುವ ಹಬ್ಬಕ್ಕೆ ಗದಗಿನಲ್ಲಿ ತಯಾರಿ ನಡೆದಿತ್ತು. ಬೇಸಿಗೆಯಲ್ಲಿ ಇಂಟರ್ ನಪಾಸಾದವರ ಮರುಪರೀಕ್ಷೆಗೆಂದು ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ಹುಡುಗರು ಬಂದಿದ್ದರು. ಈ ಸಲವೂ ಹೋದರೆ ಮನೆಯವರು ಓದು ಬಿಡಿಸುವುದು ಖಾತ್ರಿ ಎಂಬಂಥವರೇ ಹೆಚ್ಚು. ಅತ್ತ ಸೊರಟೂರಿನಲ್ಲಿ ಹಿಂಗಾರಿ ಮಳೆ ಕೈಕೊಟ್ಟಿತ್ತು. ಊರವರು ಕಪ್ಪೆಗಳನ್ನು ಪೂಜಿಸಿ, ಸೊಂಟಕ್ಕೆ ಅರಿಶಿನದ ದಾರ ಕಟ್ಟಿ, ಕೂಗಿ ಮಳೆ ಕರೆಯಲೆಂದು ಕೆರೆಗೆ ಬಿಟ್ಟಿದ್ದರು. ಗದಗಿನಲ್ಲಿ ಬಾವಿ ಕೆಲಸಕ್ಕೆ ಹೋಗಿದ್ದ ತಿರಕಪ್ಪನಿಗೆ ಇದರ ಖಬರಿಲ್ಲ. ಮರುದಿನ ನಸುಕಿನಲ್ಲಿ ಅದೇ ಕೆರೆಗೆ ಬಲೆ ಹಾಕಿದ.

ಕೆರೆಯ ಏರಿಯ ಮೇಲೆ ಊರ ಹಿರಿಯ ಅಂದಪ್ಪ ಚೀಲ ಬಿಚ್ಚಿಸಿದಾಗ ದಾರ ಕಟ್ಟಿದ ಕಪ್ಪೆಗಳು ಹೊರಬಂದವು. "ಏನಲೇ ತಿರಕ್ಯಾ, ದೇವರ ಕಪ್ಪೀನ ಕೊಯ್ಯಾಕ ಕೊಡ್ತೀಯೇನ?" ಎಂದು ಅಂದಪ್ಪ ಕೇಳಿದರು. ಗುಡಿಕಟ್ಟೆಯ ಮೇಲೆ ತೀರ್ಮಾನವಾಯಿತು. ಚೀಲದಲ್ಲಿದ್ದವನ್ನೆಲ್ಲ ಕೆರೆಗೆ ಬಿಡಬೇಕು, ದಂಡವಾಗಿ ಇನ್ನೂ ಒಂದು ಚೀಲ ಕಪ್ಪೆಯನ್ನು ಬೇರೆ ಕಡೆಯಿಂದ ತಂದು ಸುರಿಯಬೇಕು. ನಾಳೆ ಸಂಜೆಯೊಳಗೆ ಅದು ಬರದಿದ್ದರೆ ಊರಿನ ಯಾವ ಬಾವಿಗೂ ಅವನನ್ನು ಇಳಿಸಕೂಡದು. ಹೂಳಿನಿಂದಲೇ ಹೊಟ್ಟೆ ಹೊರೆಯುವವನಿಗೆ ಇದು ಸಣ್ಣ ಮಾತಲ್ಲ.

ಕಾಲೇಜಿಗೆ ಓಡಿದರೆ ಅಲ್ಲಿ ರಾಯರದು ಇನ್ನೊಂದು ಗೋಳು: "ನಾಡದ ಬೆಳಿಗ್ಗೆ ಪರೀಕ್ಷಾ ಅದ. ಕಪ್ಪಿ ಇಲ್ಲಂದ್ರ ಹುಡುಗರ ವರ್ಷ ಹೋತು." ಮಳೆಯಿಲ್ಲದೆ ಹತ್ತಿರದಲ್ಲೆಲ್ಲೂ ಅಷ್ಟು ಕಪ್ಪೆ ಸಿಗುವಂತಿರಲಿಲ್ಲ. ತಿರಕಪ್ಪ ಬಸ್ಸು ಹತ್ತಿ ಮುಂಡರಗಿಗೆ ಹೋದ. ಅಲ್ಲಿಂದ ನಡೆದು ತುಂಗಭದ್ರೆಯ ದಂಡೆ ಮುಟ್ಟಿದ. ಮರುದಿನ ಮಧ್ಯಾಹ್ನ ಗದಗಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಕೈಯಲ್ಲಿದ್ದದ್ದು ಒಂದೇ ಚೀಲ. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಸೊರಟೂರಿನ ಬಸ್ಸು.

"ಆ ಬಸ್ಸು ಹೋಗೂತನಕ ನಿಂತ ನೋಡಿದೆರಿ" ಎನ್ನುತ್ತಾನೆ. ಚೀಲ ಕಾಲೇಜಿಗೆ ಹೋಯಿತು. ಅವನು ಬರಿಗೈಯಲ್ಲಿ ಊರಿಗೆ ನಡೆದ. "ನಿಮ್ಮವನ್ನ ನಾಳೆ ತರತೀನ್ರಿ" ಎಂದದ್ದಕ್ಕೆ ಅಂದಪ್ಪ, "ಮಳಿ ನಾಳೆತನಕ ಕಾಯತೈತೇನಲೇ?" ಎಂದರಂತೆ. ಆ ಮಾತು ಈಗಲೂ ಅವನಿಗೆ ಚುಚ್ಚುತ್ತದೆ. ಹೇಳುವಾಗ ಮುಖ ಆಚೆ ತಿರುಗಿಸುತ್ತಾನೆ.

ಊರಿನ ಬಾವಿಗಳು ಅವನಿಗೆ ಮುಚ್ಚಿದವು. ಅವನು ಮತ್ತೆ ಹೊಳೆಗೆ ಹೋದ. ಅಷ್ಟರಲ್ಲಿ ಯಾವ ಹೊಸ ಕಪ್ಪೆಯೂ ಕೂಗದೆ ಮಳೆ ತಾನಾಗಿಯೇ ಬಂದುಬಿಟ್ಟಿತು. ದಂಡ ಮನ್ನಾ ಆಯಿತೇ? ಇಲ್ಲ. ಅಂದಪ್ಪನವರ ನ್ಯಾಯ ಅಷ್ಟು ಸಡಿಲವಲ್ಲ. ತಿರಕಪ್ಪ ಚೀಲ ಹೊತ್ತು ಬಂದು, ಊರವರೆದುರು ಹೊಳೆಯ ಕಪ್ಪೆಗಳನ್ನು ತುಂಬಿದ ಕೆರೆಗೆ ಸುರಿದ. ಆಮೇಲೆ ಬಾವಿಗಳು ತೆರೆದವು. ಅಂದಿನಿಂದ ಸೊರಟೂರಿನ ಕೆರೆಯಲ್ಲಿ ಅವನು ಬಲೆ ಹಾಕಿಲ್ಲ. ಎಷ್ಟೇ ದೂರವಾದರೂ ಹೊರಗಿನಿಂದಲೇ ಹಿಡಿದು ತರುತ್ತಾನೆ.

ಕಪ್ಪೆ ಮಳೆ ಕರೆಯುತ್ತದೆಂದು ನಂಬುತ್ತೀಯಾ ಎಂದು ನಾನು ಕೇಳಿದೆ. "ಅದು ನಂಗ ಗೊತ್ತಿಲ್ರಿ. ಕೂಗಿದ್ರ ನಿದ್ದಿ ಚಲೋ ಬರತೈತಿ" ಎಂದ. ಮರುಪರೀಕ್ಷೆಯ ಹುಡುಗರಲ್ಲಿ ಕೆಲವರು ಈಗ ಬಿ.ಎಸ್ಸಿ. ತರಗತಿಯಲ್ಲಿದ್ದಾರೆ ಎಂದು ರಾಯರು ಹೇಳುತ್ತಾರೆ. ತಿರಕಪ್ಪನಿಗೆ ಅವರ ಹೆಸರು ಗೊತ್ತಿಲ್ಲ, ಅವರಿಗೆ ಇವನದೂ ಗೊತ್ತಿಲ್ಲ. ನನಗೆ ಇದು ಸರಿಯೆನಿಸಲಿಲ್ಲ. ಅವನಿಗೆ ಅದರ ಚಿಂತೆಯಿಲ್ಲ.

ಹೊರಡುವಾಗ ಚೀಲಕ್ಕೆ ನೀರು ಚಿಮುಕಿಸುತ್ತ ಒಂದು ಬೇಡಿಕೆ ಇಟ್ಟ. "ನೀವು ಪೇಪರಿನವರು, ದೊಡ್ಡವರ ಕೂಡ ಮಾತಾಡ್ತೀರಿ. ಇಬ್ಬರಿಗೊಂದು ಕಪ್ಪಿ ಕೊಟ್ರ ಪದವಿ ಕೊಡೂದಿಲ್ಲೇನು ಅಂತ ಒಂದ ಮಾತು ಕೇಳ್ರಿ. ಅರ್ಧದಷ್ಟಾದ್ರೂ ನೀರಾಗ ಉಳೀತಾವ."