ಹಾಳೆಯ ಹಿಂಬದಿಯ ಮಾತು

ನಮ್ಮ ಮನೆತನದಲ್ಲಿ ಲಗ್ನದ ಒಪ್ಪಿಗೆ ಹಿರಿಯನ ಬಾಯಿಂದಲೇ ಬರಬೇಕು. ನಡುವೆ ಮತ್ತೊಬ್ಬರು ನಿಂತು ಅರ್ಥ ಹೇಳಿದರೆ ಅದು ಹಿರಿಯನ ಮಾತಾಗದು ಎಂದು ನನ್ನ ತಂದೆಯವರು ಹೇಳುತ್ತಿದ್ದರು. ಆ ನಿಯಮವೇ ಈ ಇಳಿವಯಸ್ಸಿನಲ್ಲಿ ನನ್ನನ್ನು ಇಂಗ್ಲಿಷಿನ ಶಿಷ್ಯನನ್ನಾಗಿ ಮಾಡಿತು.

ಬೀದರಿನಲ್ಲಿ ದನಗಳ ಡಾಕ್ಟರಿಕೆ ಓದುತ್ತಿದ್ದ ಮೊಮ್ಮಗಳು ತನ್ನ ಜೊತೆಗೆ ಓದಿದ ಕೇರಳದ ಹುಡುಗನನ್ನು ಮೆಚ್ಚಿದ್ದಳು. ಅವನನ್ನು ಕಂಡು ನಾವೂ ಮೆಚ್ಚಿದ್ದೆವು. ಉಳಿದವರು ಅವನ ತಾಯಿ. ಬೇರೆ ನಾಡಿನ, ಬೇರೆ ಆಚಾರದ ತಮ್ಮ ಮಗನನ್ನು ಈ ಮನೆ ಮನಸಾರೆ ಒಪ್ಪಿದೆಯೇ ಎಂದು ನನ್ನನ್ನೇ ಕೇಳಲು ಅವರು ನಮ್ಮೂರು ಔರಾದಕ್ಕೆ ಬರುವವರಿದ್ದರು. ಅವರಿಗೆ ಬರುವುದು ಮಲಯಾಳಂ ಮತ್ತು ಇಂಗ್ಲಿಷ್. ನನಗೆ ಕನ್ನಡ, ಸಂಸ್ಕೃತ, ಸಂತೆಗೆ ಬೇಕಾದಷ್ಟು ಮರಾಠಿ.

ಮೊಮ್ಮಗಳು ಒಂದು ಹಾಳೆಯಲ್ಲಿ ಕನ್ನಡ ಅಕ್ಷರಗಳಲ್ಲೇ ಇಂಗ್ಲಿಷ್ ಮಾತುಗಳನ್ನು ಅರ್ಥಸಹಿತ ಬರೆದುಕೊಟ್ಟಳು. ವೆಲ್‌ಕಮ್. ಪ್ಲೀಸ್ ಸಿಟ್. ಹ್ಯಾವ್ ಸಮ್ ವಾಟರ್. ಟೇಕ್ ಸಮ್ ಮೋರ್. ಹೀಗೆ ಸಾಗಿ ಕೊನೆಗೆ ಬೀಳ್ಕೊಡುವ ಮಾತು, ಥ್ಯಾಂಕ್ ಯೂ, ಸೇಫ್ ಜರ್ನಿ. ಮುಖ್ಯವಾದದ್ದನ್ನು ನಾಚಿಕೆಯಿಂದಲೋ ಏನೋ ಹಾಳೆಯ ಹಿಂಬದಿಗೆ ಬರೆದಿದ್ದಳು: ಯುವರ್ ಸನ್ ಈಸ್ ಅವರ್ ಸನ್. ನಿಮ್ಮ ಮಗ ನಮ್ಮ ಮಗ.

ಭಾಲ್ಕಿಯ ಪಾಠಶಾಲೆಯಲ್ಲಿ ಗುರುಗಳು ತೋರಿದ ಕ್ರಮವೊಂದೇ ನನಗೆ ಗೊತ್ತಿತ್ತು. ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ. ಬಳಿಕ ಪೂರ್ವಕ್ಕೆ ಮುಖಮಾಡಿ ಕುಳಿತು, ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳುವುದು. ಹೊಸದೊಂದು ಮಾತು ನಾಲಿಗೆಗೆ ಹತ್ತಿದ ಬೆಳಗಿನ ಹಿಗ್ಗನ್ನು ಏನೆಂದು ವರ್ಣಿಸಲಿ! ಎಂಟು ವರ್ಷದವನಾಗಿ ಮತ್ತೆ ಗುರುಗಳೆದುರು ಕುಳಿತಂತಿತ್ತು. ಕೊಟ್ಟಿಗೆಯ ಕುರಿಗಳಿಗೂ ಪ್ಲೀಸ್ ಸಿಟ್ ಎಂದೆ. "ಕುಂತಾವೇನ್ರಿ?" ಎಂದು ಮನೆಯಾಕೆ ಒಳಗಿನಿಂದ ಕೇಳಿದಳು.

ಕಡೆಗೆ ಆ ದಿನ ಬಂತು. ಮೊಮ್ಮಗಳೇ ಬೀದರಿನಿಂದ ಬಸ್ಸಿನಲ್ಲಿ ಅವರನ್ನು ಕರೆತಂದಳು. ನಾನು ಬಾಯಿ ತೆರೆಯುವ ಮೊದಲೇ ಮನೆಯಾಕೆ ಅವರ ಕೈಹಿಡಿದು ಒಳಗೆ ಕೂಡಿಸಿ, ನೀರು ಕೊಟ್ಟು, ತಟ್ಟೆಗೆ ಹೋಳಿಗೆ ಬಡಿಸಿದ್ದಳು. ಹಿರಿಯರ ಮಾತಿನ ನಡುವೆ ಹುಡುಗಿ ಬಾಯಿ ಹಾಕಬಾರದೆಂದು ಮೊಮ್ಮಗಳು ಅಡುಗೆಮನೆಯ ಬಾಗಿಲಿಗೆ ಸರಿದಳು. ಆ ತಾಯಿ ತಟ್ಟೆ ಕೆಳಗಿಟ್ಟು, ನನ್ನನ್ನೇ ನೋಡುತ್ತ, ಮೆಲ್ಲಗೆ ಕೇಳಿದರು:

"ಮೈ ಸನ್... ಆರ್ ಯೂ ಹ್ಯಾಪಿ?"

ತಿಳಿಯಿತು. ಉತ್ತರವೂ ಗೊತ್ತಿತ್ತು. ಆದರೆ ಕ್ರಮಪಾಠದ ನಾಲಿಗೆಗೆ ಮೊದಲನೆಯದಿಲ್ಲದೆ ಕೊನೆಯದು ಬಾರದು. ಕಣ್ಣು ಮುಚ್ಚಿ ಆರಂಭಿಸಿದೆ. ವೆಲ್‌ಕಮ್ ಎಂದೆ. ಪ್ಲೀಸ್ ಸಿಟ್ ಎಂದೆ. ಕುಳಿತಿದ್ದವರು ಅರ್ಧ ಎದ್ದು ಮತ್ತೆ ಕುಳಿತರಂತೆ. ನೀರೆಂದಾಗ ಸೊಸೆ ತಂಬಿಗೆ ತಂದಳಂತೆ. ನನಗದಾವುದೂ ಕಾಣದು. ಪದಗಳು ಹಳ್ಳದ ನೀರಿನಂತೆ ಹರಿಯುತ್ತಿದ್ದವು, ನಾನು ಆನಂದದಲ್ಲಿದ್ದೆ.

ಥ್ಯಾಂಕ್ ಯೂ, ಸೇಫ್ ಜರ್ನಿ ಎಂದು ಉಸಿರೆಳೆದುಕೊಂಡೆ.

ಆಗ ಮೊಮ್ಮಗಳ ದನಿ ಕೇಳಿತು: "ಮುತ್ಯಾ, ಅವರು ಹೊಂಟರು!"

ಕಣ್ಣು ತೆರೆದೆ. ಆ ತಾಯಿ ಚೀಲ ಹೆಗಲಿಗೇರಿಸಿ ನಿಂತಿದ್ದರು, ಕಣ್ಣಲ್ಲಿ ನೀರು. ಹೋಗಿ ಬನ್ನಿ ಎಂಬುದೇ ನನ್ನ ಉತ್ತರವೆಂದು ತಿಳಿದಿದ್ದರು. ಗಾಬರಿಯಲ್ಲಿ ನಾನೂ ಎದ್ದುನಿಂತು, ಎರಡೂ ಕೈ ಜೋಡಿಸಿ, ಹಿಂಬದಿಯ ಮಾತನ್ನು ಹೇಳಿದೆ.

"ಯುವರ್ ಸನ್ ಈಸ್ ಅವರ್ ಸನ್."

ಅವರು ಕದಲಲಿಲ್ಲ. ಮೊಮ್ಮಗಳು ಬಾಗಿಲಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವರ ಚೀಲ ಹೆಗಲಿನಿಂದ ಜಾರಿ ಕೆಳಗೆ ಬಿತ್ತು. ಒಂದು ಬೆರಳೆತ್ತಿ, ಇನ್ನೊಮ್ಮೆ ಹೇಳಿರೆಂದು ಆ ತಾಯಿ ಸನ್ನೆ ಮಾಡಿದರು.

"ಈಗರೇ ಹಿಂದಿಂದ ಶುರು ಮಾಡ್ರಿ," ಎಂದಳು ಮನೆಯಾಕೆ.

ಸಾಧ್ಯವಿರಲಿಲ್ಲ. ಕಣ್ಣು ಮಾತ್ರ ತೆರೆದಿಟ್ಟುಕೊಂಡು ವೆಲ್‌ಕಮ್ ಎಂದೆ. ಪ್ಲೀಸ್ ಸಿಟ್ ಎಂದಾಗ ಅವರು ನಗುತ್ತ ಕುಳಿತರು. ಟೇಕ್ ಸಮ್ ಮೋರ್ ಎಂದಾಗ ತಟ್ಟೆ ಮುಂದೆ ಹಿಡಿದರು. ಸೇಫ್ ಜರ್ನಿ ಎಂದಾಗ ಒಬ್ಬರೂ ಏಳಲಿಲ್ಲ.