ಆರು ಮೀಟರಿನ ಹಗ್ಗ ಹಿಡಿದವಳು

ಬೆಳಕು ಹರಿಯುವ ಮೊದಲೇ ದೋಣಿಯ ಹಿಂಬದಿಯಲ್ಲಿ ಕೂತು ಆಕೆ ಸಿಲಿಂಡರಿನ ಹಿತ್ತಾಳೆ ವಾಲ್ವೊಂದನ್ನು ಸೋಪಿನ ನೀರಲ್ಲಿ ಉಜ್ಜುತ್ತಿದ್ದಾಳೆ. ತಲೆಗೂದಲು ಒಣಹುಲ್ಲಿನಂತಿದೆ, ವರ್ಷಗಳಿಂದ ಎಣ್ಣೆ ಕಂಡಿಲ್ಲ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಶುದ್ಧ ಆಮ್ಲಜನಕಕ್ಕೆ ಬೆರಳಿನ ಜಿಡ್ಡು ತಾಕಿದರೂ ಭಗ್ಗೆಂದು ಹೊತ್ತಿಕೊಳ್ಳಬಹುದು. “ಮದುವೆಮನೇಲಿ ಹೆಂಗಸರು ಕೇಳ್ತಾರೆ, ತಲೆಗೆ ತೊಟ್ಟು ಎಣ್ಣೆಗೂ ಗತಿಯಿಲ್ವೇನಮ್ಮಾ ಅಂತ. ಹೂಂ ಅಂತೀನಿ. ಬಿಡಿಸಿ ಹೇಳ್ತಾ ಕೂತ್ರೆ ಊಟ ಆರಿಹೋಗುತ್ತೆ.”

ಬಂದರಿನ ತಳ ಹಿಡಿದ ಹಡಗನ್ನು ಕೊಯ್ದು ಎತ್ತುವ ಮುಳುಗುಗಾರರಿಗೆ ಸಿಲಿಂಡರ್ ಸಿದ್ಧಪಡಿಸುವುದು ಆಕೆಯ ಕೆಲಸ. ಆಳದಲ್ಲಿ ದುಡಿದವನು ಸೀದಾ ಮೇಲೆ ಬರುವಂತಿಲ್ಲ. ಬಂದರೆ ಮೈಯಲ್ಲಿ ಕರಗಿದ ಸಾರಜನಕ ಮುಚ್ಚಳ ತೆಗೆದ ಸೋಡಾದಂತೆ ಗುಳ್ಳೆಯೇಳುತ್ತದೆ. ಆಳು ಹೆಳವನಾಗುತ್ತಾನೆ, ಇಲ್ಲವೇ ಹೆಣವಾಗುತ್ತಾನೆ. ಅದಕ್ಕೇ ಮೇಲೇರುವಾಗ ಆರು ಮೀಟರ್ ಆಳದಲ್ಲಿ ನಿಂತು, ಸಾರಜನಕ ಹೊರಹೋಗುವವರೆಗೆ ಶುದ್ಧ ಆಮ್ಲಜನಕ ಉಸಿರಾಡಬೇಕು. ಅದನ್ನೇ ಇನ್ನೂ ಆಳದಲ್ಲಿ ಎಳೆದರೆ ಫಿಟ್ಸ್ ಬರುತ್ತದೆ. ನೀರೊಳಗೆ ಫಿಟ್ಸ್ ಬಂದವನು ಉಳಿಯುವುದು ಅಪರೂಪ.

ಆಕೆಯ ಗಂಡ ಹೋಗಿದ್ದೇ ಹಾಗೆ. ಮಾಮೂಲಿ ಗಾಳಿಯದು, ಆಮ್ಲಜನಕದ್ದು, ಎರಡೂ ಸಿಲಿಂಡರ್ ಹೊತ್ತು ಇಳಿದವನು, ಕೆಸರಲ್ಲಿ ಕಣ್ಣು ಕಾಣದೆ ತಡಕಾಡಿ, ತಪ್ಪು ಕೊಳವೆಯನ್ನು ಬಾಯಿಗಿಟ್ಟ. “ವಿಷ ಕುಡಿದು ಸತ್ರು ಅಂದ್ರೆ ಜನ ನಂಬ್ತಾರೆ. ಒಳ್ಳೆ ಗಾಳಿ ಕುಡಿದು ಸತ್ರು ಅಂದ್ರೆ ನನ್ನ ಮುಖ ನೋಡ್ತಾರೆ.”

ಅಂದಿನಿಂದ ಆಮ್ಲಜನಕವನ್ನು ಆಕೆ ಯಾರ ಬೆನ್ನಿಗೂ ಕಟ್ಟಿಲ್ಲ. ಆರು ಮೀಟರಿನ ಹಗ್ಗಕ್ಕೆ ಬಿಗಿದು ದೋಣಿಯಿಂದ ಇಳಿಬಿಡುತ್ತಾಳೆ. ಬೇಕಾದವನು ಅಲ್ಲಿಗೇ ಬರಬೇಕು. ಹಡಗು ಎತ್ತಿದ ದಿನ ಕಂಪನಿಯವರ ಫೋಟೋ ಪೇಪರಿನಲ್ಲಿ ರಾರಾಜಿಸುತ್ತದೆ. ಈಕೆಯದು ಬರಲಿಲ್ಲವೆಂದು ಯಾರ ಹೊಟ್ಟೆಯೂ ಉರಿಯುವುದಿಲ್ಲ.

ಇವತ್ತು ಇಳಿಯುತ್ತಿರುವವನು ಮೈದುನ. ನೀರಿನ ಸೆಳೆತ ಜೋರಾಗಿದೆ.

“ಅತ್ತಿಗೆ, ಹಗ್ಗ ಸಿಗದೇ ಹೋದ್ರೆ? ಜೊತೇಲೇ ಕೊಟ್ಬಿಡಿ.”

“ನಿಮ್ಮಣ್ಣನೂ ಹೀಗೇ ಕೇಳಿದ್ರು.”

“ನಾನೇನು ಅಣ್ಣನಷ್ಟು ಅವಸರಗೇಡಿನಾ?”

“ನಿನ್ನ ಮುಂದೆ ಅವರು ಆಮೆ ಕಣೋ. ಇಳಿ.”

ಅವನು ಮುಖ ಊದಿಸಿಕೊಂಡು ಇಳಿಯುತ್ತಾನೆ. ಕೆಲಸ ಮುಗಿಯುವ ಹೊತ್ತಿಗೆ ಉಸಿರಿನ ಗುಳ್ಳೆಗಳು ದೋಣಿಯಿಂದ ದೂರ ಸರಿಯುತ್ತಿವೆ. ಅವನಿಗೆ ಹಗ್ಗ ತಪ್ಪಿದೆ. ಬೆನ್ನಿನ ಗಾಳಿ ಎಷ್ಟು ಹೊತ್ತು ಬಂದೀತು?

“ಲಂಗರಿನ ಹಗ್ಗ ಕೊಯ್ಯಿ,” ಎನ್ನುತ್ತಾಳೆ ದೋಣಿಯವನಿಗೆ.

“ಹೊಸ ಲಂಗರಮ್ಮಾ, ಮಾಲೀಕ ನನ್ನ ಚರ್ಮ ಸುಲೀತಾನೆ.”

“ಸುಲೀಲಿ. ಕೊಯ್ಯಿ ಮೊದಲು.”

ಎಂಜಿನ್ ಹಚ್ಚುವಂತಿಲ್ಲ, ಕೆಳಗೆ ಮನುಷ್ಯನಿದ್ದಾನೆ. ದೋಣಿ ಸೆಳೆತದೊಂದಿಗೆ ತೇಲುತ್ತ ಗುಳ್ಳೆಗಳ ನೆತ್ತಿಗೆ ಬರುತ್ತದೆ. ಆಕೆಯ ಕೈಯಲ್ಲಿ ಹಗ್ಗ ಸುಮ್ಮನಿದೆ. ಆಮೇಲೆ ಒಮ್ಮೆ ಜಗ್ಗುತ್ತದೆ.

ಬಿಸಿಲೇರಿದ ಮೇಲೆ ಮೈದುನನನ್ನು ದೋಣಿಗೆ ಎಳೆದು ಮಲಗಿಸುತ್ತಾರೆ.

“ಅತ್ತಿಗೆ, ಹಗ್ಗ ಹುಡುಕ್ತಾ ಸ್ವಲ್ಪ ಮೇಲೆ ಬಂದ್ಬಿಟ್ಟಿದ್ದೆ. ಎಡಗಾಲು ಹೇಳಿದ ಮಾತು ಕೇಳ್ತಿಲ್ಲ.”

“ನೀನು ಯಾವತ್ತು ಕೇಳಿದ್ದೀಯ? ಉಸಿರೆಳಿ.” ಅದೇ ಆಮ್ಲಜನಕದ ಕೊಳವೆಯನ್ನು ಅವನ ಬಾಯಿಗೊತ್ತಿ, ಆಸ್ಪತ್ರೆ ಬಳಿಯ ದಕ್ಕೆಗೆ ದೋಣಿ ತಾಗುವವರೆಗೂ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ.

ಕಾಲು ಸರಿಹೋಗುತ್ತದೋ ಇಲ್ಲವೋ, ಡಾಕ್ಟರೂ ಹೇಳುತ್ತಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಆಕೆ ಹೇಳುತ್ತಾಳೆ: “ಈ ಕೆಲಸದವರಲ್ಲಿ ಒಬ್ಬನಾದ್ರೂ ಮುದುಕನಾಗಿ, ಕೆಮ್ಮಿ ಕೆಮ್ಮಿ, ಸೊಸೆ ಹತ್ರ ಬೈಸ್ಕೊಂಡು, ಮಂಚದ ಮೇಲೆ ಸಾಯೋದನ್ನ ನೋಡ್ಬೇಕು.”